ಹಿಡಿಯುವ ಅಂಟು, ಬಿಡಿಸುವ ಒಗ್ಗಟ್ಟು

ಮೈಸೂರಿನಿಂದ ನಂಜನಗೂಡು ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 766 ಗುಂಡ್ಲುಪೇಟೆಯಲ್ಲಿ ಸುಲ್ತಾನ್ ಬತ್ತೇರಿಯ ಕಡೆಗೆ ತಿರುಗುತ್ತದೆ. ಊಟಿಯ ಕಡೆಗೆ ಹೋಗುವ ಹೆದ್ದಾರಿ 181 ಅಲ್ಲಿಯೇ ಕವಲೊಡೆಯುತ್ತದೆ. ಈ ರಸ್ತೆಗಳಲ್ಲಿ ಓಡುವ ಕಾರಿನ ಮುಖ ನೋಡಿದರೆ ಸಾಕು, ಅದು ಯಾವ ಸೀಮೆ ಸುತ್ತಿ ಬಂತೆಂದು ಹೇಳಬಹುದು. ಚಾಮರಾಜನಗರದ ಕಡೆಯಿಂದ ಬಂದಿದ್ದರೆ ಕರಿಕಲ್ಲಿನ ಕ್ವಾರಿಗಳ ಟಿಪ್ಪರ್ ಎಬ್ಬಿಸಿದ ಬೂದು ಧೂಳು. ಗುಂಡ್ಲುಪೇಟೆಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳ ಪಕ್ಕ ಹಾದು ಬಂದಿದ್ದರೆ ಬಡಿದು ಸತ್ತ ಹುಳುಗಳ ಒಣಗಿದ ಕಲೆ. ಮಳೆಗಾಲವಾದರೆ ಕೆಮ್ಮಣ್ಣಿನ ಎರಚಲು. ಇವೆಲ್ಲ ಮೊದಲು ಬಡಿಯುವುದು ರೇಡಿಯೇಟರ್ ಮುಂದಿರುವ ಗ್ರಿಲ್‌ಗೆ. ಕನ್ನಡಿಯಂತೆ ಹೊಳೆಯುವ ಆ ಕ್ರೋಮ್ ಗ್ರಿಲ್ ಬೇಡ, ಮಂಕು ಕಪ್ಪು ಬಣ್ಣ ಬೇಕು ಎನ್ನುವವರಿಗೆ ಎರಡು ದಾರಿಗಳಿವೆ. ಒಂದು, ಉಜ್ಜಿ, ಪ್ರೈಮರ್ ಹೊಡೆಸಿ, ಬಣ್ಣ ಬಳಿಸುವುದು. ಇನ್ನೊಂದು, ಡಬ್ಬಿಯಿಂದ ರಬ್ಬರ್ ಸಿಂಪಡಿಸಿ ಒಣಗಿಸುವುದು, ಬೇಡವಾದಾಗ ಬಾಳೆದಿಂಡಿನ ಪಟ್ಟೆ ಸುಲಿದಂತೆ ಸುಲಿದು ಹಾಕುವುದು. ಇಲ್ಲೊಂದು ಸಹಜವಾದ ಅನುಮಾನ ಏಳುತ್ತದೆ. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದ ಗಾಳಿಗೂ ಜಗ್ಗದ ಪದರ ಉಗುರು ತಾಗಿಸಿದರೆ ಎದ್ದು ಬರುವುದು ಹೇಗೆ? ‘ಅದರ ಅಂಟು ಕಡಿಮೆ, ಅದಕ್ಕೇ ಬರುತ್ತದೆ’ ಎಂಬುದು ಸಾಮಾನ್ಯ ಉತ್ತರ. ಅದು ಅರ್ಧ ಮಾತ್ರ ಸರಿ. ಪದರ ಸುಲಿದು ಬರಲು ಮುಖ್ಯ ಕಾರಣ ಅದು ತನ್ನನ್ನು ತಾನು ಹಿಡಿದುಕೊಂಡಿರುವ ಬಲ. ಅಂಟಿನ ದೌರ್ಬಲ್ಯಕ್ಕಿಂತ ಒಗ್ಗಟ್ಟಿನ ಬಲವೇ ಇಲ್ಲಿ ದೊಡ್ಡದು ಎಂಬುದನ್ನು ತೋರಿಸುವುದು ಈ ಅಧ್ಯಾಯದ ಉದ್ದೇಶ.

ಮೊದಲು ಕೆಳಗಿರುವ ಕ್ರೋಮ್ ಏನೆಂದು ನೋಡೋಣ. ಕ್ರೋಮಿಯಂ ಕನ್ನಡ ನಾಡಿಗೆ ಅಪರಿಚಿತ ಲೋಹವಲ್ಲ. ಅದರ ಅದಿರಾದ ಕ್ರೋಮೈಟ್ ಹಾಸನ ಜಿಲ್ಲೆಯ ಬೈರಾಪುರದಲ್ಲಿಯೂ ಮೈಸೂರಿನ ಬಳಿಯ ಸಿಂಧುವಳ್ಳಿಯಲ್ಲಿಯೂ ಸಿಕ್ಕಿದೆ. 1797ರಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ವೋಕ್ಲಾ ಈ ಧಾತುವನ್ನು ಕಂಡುಹಿಡಿದ. ಇದರ ಸಂಯುಕ್ತಗಳು ಬಗೆಬಗೆಯ ಬಣ್ಣಗಳಲ್ಲಿ ಬರುವುದರಿಂದ ಗ್ರೀಕ್ ಭಾಷೆಯಲ್ಲಿ ಬಣ್ಣವನ್ನು ಸೂಚಿಸುವ ‘ಕ್ರೋಮ’ ಎಂಬ ಹೆಸರೇ ಇದಕ್ಕೆ ಬಂತು. ಕಾರಿನ ಮೇಲೆ ಅದರ ಹೊಳಪು ಕಾಣಿಸಿಕೊಂಡದ್ದು 1920ರ ದಶಕದಲ್ಲಿ. ಇಂದು ಹೆಚ್ಚಿನ ಕಾರುಗಳ ಗ್ರಿಲ್ ಲೋಹದ್ದಲ್ಲ, ಎಬಿಎಸ್ ಎಂಬ ಪ್ಲಾಸ್ಟಿಕ್‌ನದು. ಈ ಪ್ಲಾಸ್ಟಿಕ್‌ನೊಳಗೆ ರಬ್ಬರಿನ ಅತಿಸಣ್ಣ ಕಣಗಳು ಹರಡಿಕೊಂಡಿರುತ್ತವೆ. ಕಾರ್ಖಾನೆಯಲ್ಲಿ ಅದನ್ನು ಕ್ರೋಮಿಕ್ ಆಮ್ಲದಂಥ ದ್ರಾವಣದಲ್ಲಿ ಅದ್ದಿದಾಗ ಮೇಲ್ಮೈಯ ರಬ್ಬರ್ ಕಣಗಳು ಕರಗಿ ಹೋಗಿ ಕಣ್ಣಿಗೆ ಕಾಣದ ಗುಳಿಗಳು ಉಳಿಯುತ್ತವೆ. ಮುಂದೆ ಕೂರಿಸುವ ಲೋಹ ಆ ಗುಳಿಗಳೊಳಗೆ ಬೇರುಬಿಟ್ಟು ಕಚ್ಚಿಕೊಳ್ಳುತ್ತದೆ. ಅದರ ಮೇಲೆ ತಾಮ್ರ, ತಾಮ್ರದ ಮೇಲೆ ನಿಕ್ಕಲ್, ಎಲ್ಲಕ್ಕೂ ಮೇಲೆ ಕ್ರೋಮಿಯಂ. ಕ್ರೋಮ್ ಎಂದು ನಾವು ಮೆಚ್ಚುವ ಈ ಕೊನೆಯ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನ್ ಕೂಡ ಇರುವುದಿಲ್ಲ, ತಲೆಗೂದಲಿನ ದಪ್ಪದ ನೂರನೆಯ ಒಂದು ಭಾಗದಷ್ಟೂ ಇಲ್ಲ. ಗಾಳಿ ತಾಕಿದ ಕೂಡಲೇ ಅದರ ಮೇಲೆ ಇನ್ನೂ ತೆಳುವಾದ ಆಕ್ಸೈಡಿನ ಪೊರೆ ಕಟ್ಟುತ್ತದೆ. ಅದು ಗಟ್ಟಿಯಾಗಿ ಕುಳಿತು ಒಳಗಿನ ಲೋಹವನ್ನು ಕಾಯುತ್ತದೆ. ಹೀಗೆ ಒಂದೇ ಗ್ರಿಲ್‌ನಲ್ಲಿ ಎರಡು ಲೋಕಗಳಿವೆ. ಒಳಗೆ ಬೇರುಬಿಟ್ಟ ಹಿಡಿತ. ಹೊರಗೆ ಬೇರಿಗೆ ಜಾಗವೇ ಇಲ್ಲದ ನುಣುಪು.

ಆ ನುಣುಪಿನ ಮೇಲೆ ಮಾಮೂಲಿ ಬಣ್ಣ ಹೊಡೆದರೆ ಕೆಲವು ತಿಂಗಳಲ್ಲಿ ಹಕ್ಕಳೆ ಏಳುತ್ತದೆ. ಅದಕ್ಕೇ ಪೇಂಟಿಂಗ್ ಶಾಪ್‌ನಲ್ಲಿ ಮೊದಲು ವಾಟರ್ ಪೇಪರ್ ಹಿಡಿದು ಕ್ರೋಮ್‌ನ ಹೊಳಪು ಸಾಯುವ ತನಕ ಉಜ್ಜುತ್ತಾರೆ. ಬಣ್ಣ ಕಚ್ಚಲು ಗೀರು ಬೇಕು ಎಂಬುದು ಅವರ ಅನುಭವ. ಗೀರಿನೊಳಗೆ ಪ್ರೈಮರ್ ಇಳಿದು ಹಿಡಿಯುತ್ತದೆ ಎಂಬುದು ಅದರ ವಿಜ್ಞಾನ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನುಣುಪಾದ ಕ್ರೋಮ್ ಮೇಲೆ ಮಾಮೂಲಿ ಬಣ್ಣದ ಅಂಟೂ ಕಡಿಮೆಯೇ. ಅಂಟು ಕಡಿಮೆ ಇದ್ದರೆ ಸುಲಿದು ಬರುವುದಾದರೆ ಆ ಬಣ್ಣವೂ ಹಾಳೆಯಂತೆ ಬರಬೇಕಿತ್ತು. ಬರುವುದಿಲ್ಲ. ಇಲ್ಲೊಂದು ಚೂರು ಉದುರುತ್ತದೆ, ಅಲ್ಲೊಂದು ಚೂರು ಉಳಿಯುತ್ತದೆ, ಉಳಿದದ್ದನ್ನು ಕೆರೆದರೆ ಪುಡಿಯಾಗುತ್ತದೆ. ಏಕೆಂದರೆ ಒಣಗಿದ ಬಣ್ಣ ಬಿರುಸು. ಎಳೆದರೆ ಹಿಗ್ಗದೆ ಮುರಿಯುತ್ತದೆ. ಒಂದು ತುದಿ ಎಬ್ಬಿಸಿದ ಬಲ ಪಕ್ಕದ ತುದಿಗೆ ತಲಪುವ ಮೊದಲೇ ತುಂಡಾಗುತ್ತದೆ. ಅಂಟು ಕಡಿಮೆ ಇರುವುದು ಮಾತ್ರ ಸಾಲದು ಎಂಬುದಕ್ಕೆ ಇದು ಮೊದಲ ಸಾಕ್ಷಿ.

ರಬ್ಬರ್ ಸ್ಪ್ರೇಯ ಕಥೆ ಬೇರೆ. ಪ್ಲಾಸ್ಟಿ ಡಿಪ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಬಗೆಯ ಸಾಮಗ್ರಿ ಅಮೆರಿಕದಲ್ಲಿ ಮೊದಲು ಬಂದದ್ದು ಕಾರಿಗಾಗಿ ಅಲ್ಲ, ಕಟಿಂಗ್ ಪ್ಲೇಯರ್, ಸ್ಪ್ಯಾನರ್‌ಗಳ ಹಿಡಿಯನ್ನು ಅದ್ದಿ ತೆಗೆದು ಮೆತ್ತನೆಯ ಕವಚ ಕೊಡುವುದಕ್ಕೆ. ಡಬ್ಬಿಯೊಳಗೆ ಕೃತಕ ರಬ್ಬರ್ ಮತ್ತು ರಾಳ ಥಿನ್ನರ್‌ನಂಥ ದ್ರಾವಕದಲ್ಲಿ ಕರಗಿ ಕುಳಿತಿರುತ್ತವೆ. ಒತ್ತಿದಾಗ ಹನಿಹನಿಯಾಗಿ ಹಾರಿ ಗ್ರಿಲ್ ಮೇಲೆ ಕೂರುತ್ತವೆ, ದ್ರಾವಕ ಆರಿಹೋಗುತ್ತದೆ, ಅಣುಗಳ ಉದ್ದುದ್ದ ಸರಪಳಿಗಳು ಒಂದರೊಳಗೊಂದು ಹೆಣೆದುಕೊಂಡು ಉಳಿಯುತ್ತವೆ. ಬಾಚದೆ ಬಿಟ್ಟ ಕೂದಲು ಸಿಕ್ಕುಗಟ್ಟಿದಂತೆ ಆ ಸರಪಳಿಗಳದೂ ಒಂದು ಸಿಕ್ಕು. ಒಂದನ್ನು ಎಳೆದರೆ ಹತ್ತು ಜೊತೆಗೆ ಬರುತ್ತವೆ. ಇದೇ ಒಗ್ಗಟ್ಟು. ಕ್ರೋಮ್ ಮತ್ತು ರಬ್ಬರಿನ ನಡುವೆ ಮಾತ್ರ ಇಂಥ ಹೆಣಿಗೆ ಇಲ್ಲ. ಎರಡು ವಸ್ತುಗಳು ತೀರ ಹತ್ತಿರ ಬಂದಾಗ ಅವುಗಳ ಅಣುಗಳ ನಡುವೆ ಹುಟ್ಟುವ ಸಣ್ಣ ಸೆಳೆತ, ಅಂದರೆ ವ್ಯಾನ್ ಡರ್ ವಾಲ್ಸ್ ಬಲ, ಅಷ್ಟೇ ಇದೆ. ಹಲ್ಲಿ ಗೋಡೆ ಹಿಡಿಯುವುದೂ ಬಹುಮಟ್ಟಿಗೆ ಇದೇ ಸೆಳೆತದಿಂದ. ದ್ರವವಾಗಿ ಬಂದ ರಬ್ಬರ್ ಗ್ರಿಲ್‌ನ ಪ್ರತಿ ತಿರುವಿನಲ್ಲೂ ಒರಗಿ ಕೂರುವುದರಿಂದ ಆ ಸಣ್ಣ ಸೆಳೆತ ಇಡೀ ಮೇಲ್ಮೈಯ ಮೇಲೆ ಒಟ್ಟುಗೂಡುತ್ತದೆ.

ಈಗ ಎರಡು ಬಲಗಳನ್ನು ತಕ್ಕಡಿಯಲ್ಲಿ ಇಟ್ಟು ನೋಡೋಣ. ಪದರವನ್ನು ಎಬ್ಬಿಸಲು ಬೇಕಾದ ಬಲ ಅದು ಅಂಟಿರುವ ಗೆರೆಯ ಅಗಲವನ್ನು ಅವಲಂಬಿಸಿದೆ; ಪದರ ದಪ್ಪವಾಯಿತೆಂದು ಅದು ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಪದರ ಹರಿಯದೆ ತಡೆದುಕೊಳ್ಳುವ ಬಲ ಮಾತ್ರ ದಪ್ಪಕ್ಕೆ ತಕ್ಕಂತೆ ಏರುತ್ತದೆ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಒಂದು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಎಬ್ಬಿಸಲು 100 ಗ್ರಾಂ ತೂಕದಷ್ಟು ಬಲ ಬೇಕು; ರಬ್ಬರ್ ಹರಿಯಲು ಚದರ ಸೆಂಟಿಮೀಟರಿಗೆ 30 ಕಿಲೋ ಬೇಕು. ಪದರ 25 ಮೈಕ್ರಾನ್ ಇದ್ದರೆ ಆ ಪಟ್ಟಿ 75 ಗ್ರಾಂ ಎಳೆತಕ್ಕೇ ಹರಿಯುತ್ತದೆ. ಎಬ್ಬಿಸಲು ಬೇಕಾದದ್ದು 100. ಹಾಗಾಗಿ ಅದು ಚೂರುಚೂರಾಗಿ ಕಿತ್ತು ಬರುತ್ತದೆ, ಉಗುರು ಸವೆಯುತ್ತದೆ. ಅದೇ ಪದರ 150 ಮೈಕ್ರಾನ್ ಆಗಲಿ, 450 ಗ್ರಾಂ ತಡೆಯುತ್ತದೆ. ಎಬ್ಬಿಸಲು ಈಗಲೂ ಬೇಕಾದದ್ದು ಅದೇ 100. ಪಟ್ಟಿ ನೆಮ್ಮದಿಯಾಗಿ ಸುಲಿದು ಬರುತ್ತದೆ. ಅಂಟು ಕೂದಲೆಳೆಯಷ್ಟೂ ಬದಲಾಗಲಿಲ್ಲ, ಬದಲಾದದ್ದು ಒಗ್ಗಟ್ಟು. ಡಬ್ಬಿಯ ಮೇಲೆ ಒಂದೇ ಕೋಟ್ ಸಾಲದು, ನಾಲ್ಕೈದು ಕೋಟ್ ಹೊಡೆಯಿರಿ ಎಂದು ಬರೆದಿರುವುದನ್ನು ವ್ಯಾಪಾರದ ಚಾಲಾಕಿ ಎಂದು ತಿಳಿಯುವವರಿದ್ದಾರೆ. ಈ ಲೆಕ್ಕದ ಮುಂದೆ ಆ ಅನುಮಾನ ನಿಲ್ಲದು.

ಎಳೆಯುವ ದಿಕ್ಕಿಗೂ ಲೆಕ್ಕವಿದೆ. ರಬ್ಬರಿನ ಭೌತವಿಜ್ಞಾನದಲ್ಲಿ ದೊಡ್ಡ ಹೆಸರಾದ ರೊನಾಲ್ಡ್ ರಿವ್ಲಿನ್ 1944ರಲ್ಲಿ ಇದನ್ನು ಬಿಡಿಸಿಟ್ಟರು. ಹೆಚ್ಚು ಹಿಗ್ಗದ ಪಟ್ಟಿಯನ್ನು ನೇರ ಮೇಲಕ್ಕೆ, ಅಂದರೆ 90 ಡಿಗ್ರಿಯಲ್ಲಿ ಎಳೆಯಲು ಒಂದು ಪಾಲು ಬಲ ಬೇಕಾದರೆ, ಹಿಂದಕ್ಕೆ ಪೂರ್ತಿ ಮಡಚಿ ಎಳೆದರೆ ಅರ್ಧ ಪಾಲು ಸಾಕು. 30 ಡಿಗ್ರಿಯ ಓರೆಯಲ್ಲಿ ಎಳೆದರೆ ಏಳೂವರೆ ಪಾಲು ಬೇಕು. ಪಟ್ಟಿಯನ್ನು ಅಂಟಿದ ಮೇಲ್ಮೈಯುದ್ದಕ್ಕೂ ಜಗ್ಗುವವರು ಹರಿದುಕೊಳ್ಳುತ್ತಾರೆ, ಮಡಚಿ ಹಿಂದಕ್ಕೆ ನಿಧಾನವಾಗಿ ಎಳೆಯುವವರು ಸುಲಿಯುತ್ತಾರೆ. ನಿಧಾನ ಏಕೆಂದರೆ ರಬ್ಬರ್ ಆತುರವನ್ನು ಸಹಿಸುವುದಿಲ್ಲ. ಬೇಗ ಎಳೆದಷ್ಟೂ ಬಿಡಿಸಲು ಹೆಚ್ಚು ಬಲ ಕೇಳುತ್ತದೆ.

‘ಕ್ರೋಮ್ ಅಷ್ಟು ನುಣುಪು, ಅದರ ಮೇಲಿಂದ ಏನು ಬೇಕಾದರೂ ಬರುತ್ತದೆ; ಒಗ್ಗಟ್ಟಿನ ಮಾತು ಏಕೆ?’ ಎಂದು ಕೇಳಬಹುದು. ಇದಕ್ಕೆ ಉತ್ತರ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿದೆ. ಹಿಂದಿನ ಸಲ ಗೀರಿದ ಜಾಗದಲ್ಲಿ ಹರಿದು ಒಣಗಿದ ಹಾಲಿನ ದಾರವನ್ನು ಟ್ಯಾಪಿಂಗ್ ಮಾಡುವವರು ಹೊಸ ಗೀರು ಹಾಕುವ ಮೊದಲು ಬೆರಳಿನಿಂದ ಎಳೆದು ತೆಗೆಯುತ್ತಾರೆ. ಮರದ ತೊಗಟೆಯಲ್ಲಿ ನುಣುಪಿನ ಹೆಸರೇ ಇಲ್ಲ. ಆದರೂ ದಾರ ಉದ್ದಕ್ಕೂ ಒಂದೇ ಎಳೆಯಾಗಿ ಬರುತ್ತದೆ, ಏಕೆಂದರೆ ರಬ್ಬರಿನ ಒಗ್ಗಟ್ಟು ತೊಗಟೆಯ ಹಿಡಿತವನ್ನು ಮೀರುತ್ತದೆ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ಇದರ ಇನ್ನೊಂದು ಮುಖ. ಹಲಸಿನ ಮೇಣಕ್ಕೆ ಹಸಿಯಾಗಿರುವಾಗ ಒಗ್ಗಟ್ಟು ಸಾಲದು, ಎಳೆದರೆ ನೂಲುನೂಲಾಗಿ ಹರಿದು ಅರ್ಧ ಕೈಯಲ್ಲೇ ಉಳಿಯುತ್ತದೆ. ಒಗ್ಗಟ್ಟು ಹೆಚ್ಚಿಸಲು ಬಾರದ ಕಡೆ ಅಂಟು ತಗ್ಗಿಸಬೇಕು. ಆ ಕೆಲಸ ಎಣ್ಣೆಯದು. ತಕ್ಕಡಿ ಅದೇ, ಕೈ ಹಾಕಿದ ತಟ್ಟೆ ಬೇರೆ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಹಳೆಯ ರಬ್ಬರ್ ಪದರವೇ ಕೊಡುತ್ತದೆ. ಬಿಸಿಲಿಗೆ ಸಿಕ್ಕಿ ವರ್ಷಗಳು ಕಳೆದ ಪದರ ತೆಳುವಾಗಿ ಬಿರುಸಾಗಿ ಸುಲಿಯಲು ಬಾರದಾಗುತ್ತದೆ. ಆಗ ಬಲ್ಲವರು ಕೆರೆಯುವುದಿಲ್ಲ. ಅದರ ಮೇಲೆ ಇನ್ನೆರಡು ಕೋಟ್ ಹೊಸದಾಗಿ ಹೊಡೆಯುತ್ತಾರೆ. ಹೊಸದರ ದ್ರಾವಕ ಹಳೆಯದನ್ನು ಮೆತ್ತಗೆ ಮಾಡಿ ತನ್ನೊಳಗೆ ಬೆಸೆದುಕೊಳ್ಳುತ್ತದೆ. ಒಣಗಿದ ಮೇಲೆ ಎರಡೂ ಒಂದಾಗಿ ಎದ್ದು ಬರುತ್ತವೆ. ಕಳೆಯಬೇಕಾದರೆ ಮೊದಲು ಕೂಡಿಸಬೇಕು. ಸುಲಿಯುವ ಗುಣ ಬರಿಯ ಅಂಟಿನ ಕೊರತೆಯಾಗಿದ್ದರೆ ಮೇಲಿಂದ ಏನು ಸೇರಿಸಿದರೂ ಕೆಳಗಿನ ಅಂಟು ಬದಲಾಗುತ್ತಿರಲಿಲ್ಲ, ಈ ಉಪಾಯವೂ ಫಲಿಸುತ್ತಿರಲಿಲ್ಲ.

ಸುಲಿದು ಬರುವ ರಬ್ಬರಿಗೆ ನೇರ ಎದುರಾದ ವಸ್ತುವೂ ನಮ್ಮ ಸೀಮೆಯದೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಮಹಾಚುನಾವಣೆಯಿಂದ ದೇಶಕ್ಕೆ ಮತದಾನದ ಶಾಯಿ ಕೊಡುತ್ತಿದೆ. ಚಾಮರಾಜನಗರ 1997ರಲ್ಲಿ ಬೇರೆ ಜಿಲ್ಲೆಯಾಗುವ ಮೊದಲೂ ಆಮೇಲೂ ಇಲ್ಲಿಯ ಮತದಾರರ ಬೆರಳಿಗೆ ಬಿದ್ದದ್ದು ಅದೇ ಶಾಯಿ. ಅದರೊಳಗಿನ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕಿಗೆ ಕಪ್ಪಾಗಿ, ಚರ್ಮದ ಭಾಗವೇ ಆಗಿಬಿಡುತ್ತದೆ. ಅಲ್ಲಿ ಎಬ್ಬಿಸಲು ಪದರವೇ ಇಲ್ಲ. ಸೋಪು, ಎಣ್ಣೆ ಯಾವುದಕ್ಕೂ ಅದು ಬಗ್ಗುವುದಿಲ್ಲ. ಹಳೆಯ ಚರ್ಮ ಉದುರಿ, ಉಗುರು ಬೆಳೆದು ಕತ್ತರಿಸಿದಾಗ ಮಾತ್ರ ಹೋಗುತ್ತದೆ. ಶಾಯಿ ತಾನು ಕುಳಿತ ಜಾಗದೊಡನೆ ಒಂದಾಗುತ್ತದೆ, ರಬ್ಬರ್ ತನ್ನೊಳಗೆ ತಾನು ಒಂದಾಗುತ್ತದೆ. ಒಂದು ಅಳಿಸಲಾಗದ್ದು, ಇನ್ನೊಂದು ಸುಲಿಯಬಲ್ಲದ್ದು ಆಗಿರುವುದು ಈ ವ್ಯತ್ಯಾಸದಿಂದ.

ಹಾಗಿದ್ದರೆ ಹೆದ್ದಾರಿಯಲ್ಲಿ ರಬ್ಬರ್ ಪದರ ಗಾಳಿಗೆ ಹಾರಿಹೋಗದೆ? ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಆ ವೇಗದ ಗಾಳಿ ಎದುರು ಬಡಿದಾಗ ಬೀಳುವ ಒತ್ತಡ ಸುಮಾರು 300 ಪ್ಯಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ ಮೂರು ಗ್ರಾಂ ತೂಕದಷ್ಟು. ಗ್ರಿಲ್‌ನ ಎದುರು ಮುಖದ ಮೇಲೆ ಅದು ಪದರವನ್ನು ಒಳಕ್ಕೇ ಒತ್ತುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಹರಡಿ ಬಿದ್ದ ಬಲಕ್ಕೆ ಇಡೀ ಮೇಲ್ಮೈಯ ಅಂಟು ಒಟ್ಟಾಗಿ ಎದುರು ನಿಲ್ಲುತ್ತದೆ. ಸುಲಿಯುವಾಗ ಎದುರು ನಿಲ್ಲುವುದು ಎದ್ದ ಅಂಚಿನ ಒಂದು ಗೆರೆ ಮಾತ್ರ. ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರನ್ನು ಅಂಗೈಯಿಂದ ತಳ್ಳಿದರೆ ಜರುಗುವುದಿಲ್ಲ, ಮೂಲೆ ಹಿಡಿದರೆ ಬರುತ್ತದೆ. ಆದ್ದರಿಂದ ಈ ಲೇಪದ ಜೀವ ಇರುವುದು ಅಂಚಿನಲ್ಲಿ. ವಾಟರ್ ಸರ್ವಿಸ್‌ಗೆ ಬಿಟ್ಟಾಗ ಒತ್ತಡದ ನೀರಿನ ಕೊಳವೆಯನ್ನು ಅಂಚಿಗೇ ಹಿಡಿದರೆ ಗಾಳಿ ಮಾಡದ ಕೆಲಸವನ್ನು ನೀರು ಮಾಡುತ್ತದೆ. ಪೆಟ್ರೋಲ್ ಇನ್ನೂ ದೊಡ್ಡ ಶತ್ರು. ಡಬ್ಬಿಯಲ್ಲಿ ರಬ್ಬರನ್ನು ಕರಗಿಸಿಟ್ಟ ದ್ರಾವಕಕ್ಕೂ ಪೆಟ್ರೋಲಿಗೂ ಹತ್ತಿರದ ನಂಟು. ಪೆಟ್ರೋಲ್ ಬಿದ್ದ ಕಡೆ ಸರಪಳಿಗಳ ಸಿಕ್ಕು ಸಡಿಲವಾಗಿ ಪದರ ಮೆತ್ತಗಾಗುತ್ತದೆ. ಗ್ರಿಲ್ ಪೆಟ್ರೋಲ್ ಟ್ಯಾಂಕಿನಿಂದ ದೂರವಿರುವುದು ಇಲ್ಲಿ ಅನುಕೂಲವೇ.

ಸ್ಟಿಕರ್ ಹಾಕಿಸಿದರೆ ಆಗದೆ ಎಂಬುದು ಇನ್ನೊಂದು ಪ್ರಶ್ನೆ. ಬಾನೆಟ್, ಬಾಗಿಲುಗಳಂಥ ಹರವಾದ ಜಾಗಕ್ಕೆ ಅದು ಒಳ್ಳೆಯದು. ಜಾಲರಿಯ ಒಂದೊಂದು ಕಡ್ಡಿಗೂ ಹಾಳೆ ಸುತ್ತಿ ಸುಕ್ಕಿಲ್ಲದಂತೆ ಕೂರಿಸುವುದು ಕಷ್ಟ, ದ್ರವ ಮಾತ್ರ ಸಂದಿಗೊಂದಿಗೂ ಹೋಗುತ್ತದೆ. ಆದರೆ ದ್ರವದ ಈ ಗುಣವೇ ಸುಲಿಯುವಾಗ ತೊಡಕಾಗುತ್ತದೆಂಬುದನ್ನು ಒಪ್ಪಬೇಕು. ಬಾನೆಟ್ ಮೇಲಿನ ಪದರ ದುಪ್ಪಟಿಯಂತೆ ಒಂದೇ ಸಲಕ್ಕೆ ಬಂದರೆ, ಗ್ರಿಲ್‌ನ ಕಡ್ಡಿಗಳ ಮೇಲಿನದು ಅವರೆಕಾಳು ಬಿಡಿಸಿದಂತೆ ತುಂಡುತುಂಡಾಗಿ ಬರುತ್ತದೆ. ಗ್ರಿಲ್‌ಗೆ ಹೊಡೆಯುವಾಗ ದಪ್ಪದಲ್ಲಿ ಜಿಪುಣತನ ಮಾಡಬಾರದು ಎನ್ನುವುದು ಅದಕ್ಕೇ. ಇನ್ನು ಉಜ್ಜಿ ಬಣ್ಣ ಹೊಡೆಸಿದ್ದು ಹೆಚ್ಚು ಕಾಲ ಬಾಳುತ್ತದೆ ಎಂಬುದು ನಿಜ. ಆದರೆ ಅಲ್ಲಿ ಹೋದ ಕ್ರೋಮ್ ಮತ್ತೆ ಬರುವುದಿಲ್ಲ. ಮತ್ತೆ ಕ್ರೋಮ್ ಹಾಕಿಸುವ ತೊಟ್ಟಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ರೋಮಿಕ್ ಆಮ್ಲ ಕ್ಯಾನ್ಸರ್ ತರುವ ವಿಷ. ಅದು ಮನೆ ಬಾಗಿಲಲ್ಲಿ ಮಾಡುವ ಕೆಲಸವೂ ಅಲ್ಲ. ಬಾಳಿಕೆ ಬೇಕೋ ಹಿಂದಿರುಗುವ ದಾರಿ ಬೇಕೋ ಎಂಬುದು ಇಲ್ಲಿಯ ಆಯ್ಕೆ. ಎರಡನ್ನೂ ಪೂರ್ತಿಯಾಗಿ ಕೊಡುವ ಲೇಪ ಇಲ್ಲ.

ತಕ್ಕಡಿಯ ನಿಯಮ ತಿಳಿದ ಮೇಲೆ ಕೆಲಸದ ಕ್ರಮ ತಾನಾಗಿ ಹೊಳೆಯುತ್ತದೆ. ಮೊದಲು ಸೋಪುನೀರಿನಲ್ಲಿ ಹುಳುವಿನ ಕಲೆ, ಕಲ್ಲುಧೂಳು ಹೋಗುವಂತೆ ತೊಳೆದು ಪೂರ್ತಿ ಒಣಗಿಸಬೇಕು. ಪಾಲಿಶ್, ಮೇಣದ ಜಿಡ್ಡು ಉಳಿದರೆ ಹಲಸಿಗೆ ಎಣ್ಣೆ ಸವರಿದ ಕಥೆಯೇ ಆಗಿ, ಬೇಡದ ದಿನ ಬೇಡದ ಕಡೆ ಪದರ ಏಳುತ್ತದೆ. ಚಳಿಗಾಲದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಊರುಗಳಲ್ಲಿ ಮಂಜು ಕವಿದ ಬೆಳಗ್ಗೆ ಈ ಕೆಲಸಕ್ಕೆ ಕೈ ಹಾಕಬಾರದು. ಇಂಜೆಕ್ಷನ್‌ಗೆ ಮೊದಲು ಹಚ್ಚುವ ಸ್ಪಿರಿಟ್ ಆರುವಾಗ ಚರ್ಮ ತಣ್ಣಗಾಗುವಂತೆ ದ್ರಾವಕ ಆರುವಾಗ ಗ್ರಿಲ್ ತಣ್ಣಗಾಗುತ್ತದೆ. ತೇವದ ಗಾಳಿ ಅಲ್ಲಿಯೇ ಇಬ್ಬನಿಯಾಗಿ ಕುಳಿತು ಪದರ ಬೆಳ್ಳಗೆ ಮಂಕಾಗುತ್ತದೆ. ಮೊದಲ ಕೋಟ್ ತೀರ ತೆಳುವಾಗಿರಲಿ, ಅರ್ಧಂಬರ್ಧ ಮುಚ್ಚಿದರೂ ಚಿಂತೆಯಿಲ್ಲ. ಮುಂದಿನವು ತುಸು ತುಂಬು ಕೈಯಲ್ಲಿ, ಹಿಂದಿನದು ಆರಲು ಕಾಲು ಗಂಟೆಯಿಂದ ಅರ್ಧ ಗಂಟೆ ಬಿಟ್ಟು ಬರಲಿ. ಒಂದೇ ಸಲಕ್ಕೆ ಸುರಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಕೊನೆಯ ಕೋಟ್ ಹಸಿಯಿರುವಾಗಲೇ ಗ್ರಿಲ್ ಸುತ್ತ ಅಂಟಿಸಿದ ಮಾಸ್ಕಿಂಗ್ ಟೇಪ್ ತೆಗೆಯಬೇಕು. ಒಣಗಿದ ಮೇಲೆ ತೆಗೆದರೆ ಟೇಪಿನ ಮೇಲಿನ ಪದರವೂ ಗ್ರಿಲ್ ಮೇಲಿನ ಪದರವೂ ಒಂದೇ ಹಾಳೆಯಾಗಿರುವುದರಿಂದ ಟೇಪಿನ ಜೊತೆ ಅಂಚೂ ಏಳುತ್ತದೆ. ಒಗ್ಗಟ್ಟು ಯಾರ ಪರವೂ ಅಲ್ಲ.

ಕೊನೆಗೆ ಉಳಿಯುವ ಆಕ್ಷೇಪ ಮನುಷ್ಯರದ್ದು, ಪರಿಸರದ್ದು. ಇದು ನ್ಯಾಯವಾದದ್ದು. ಆರಿಹೋಗುವ ದ್ರಾವಕ ಉಸಿರಿಗೂ ಕೆಡುಕು, ಬೆಂಕಿಗೂ ಹತ್ತಿರ. ಮುಚ್ಚಿದ ಶೆಡ್‌ನಲ್ಲಿ, ಒಲೆ, ಬೀಡಿ, ವೆಲ್ಡಿಂಗ್ ಇರುವ ಕಡೆ ಇದನ್ನು ಹೊಡೆಯುವುದು ಅಪಾಯವನ್ನು ಕರೆದು ಕೂರಿಸಿದಂತೆ. ಸುಲಿದ ರಬ್ಬರ್ ಮಣ್ಣಿನಲ್ಲಿ ಬೇಗ ಕೊಳೆಯುವುದಿಲ್ಲ, ಸುಟ್ಟರೆ ವಿಷದ ಹೊಗೆ. ಅದನ್ನು ಒಣಕಸಕ್ಕೇ ಕೊಡಬೇಕು, ಕಾಡಿನ ರಸ್ತೆಯ ಬದಿಗೆ ಎಸೆಯುವಂತಿಲ್ಲ. ಕಾನೂನಿನ ಮಾತೂ ಇದೆ. ಚಾಮರಾಜನಗರದ ಕೆಎ-10 ನೋಂದಣಿಯ ಕಾರಾಗಲಿ ಬೇರೆ ಯಾವುದೇ ಆಗಲಿ, ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ. ಗ್ರಿಲ್‌ನಿಂದ ಶುರುವಾದ ಉತ್ಸಾಹ ಇಡೀ ಕಾರಿಗೆ ಹಬ್ಬಿದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕಾಗುತ್ತದೆ. ಹೆಡ್‌ಲೈಟ್, ನಂಬರ್ ಪ್ಲೇಟ್, ಹೊಸ ಕಾರುಗಳ ಗ್ರಿಲ್ ಹಿಂದೆ ಅಡಗಿರುವ ರಾಡಾರ್ ಸಂವೇದಕದ ಮುಂಭಾಗ, ಇವುಗಳ ಮೇಲೆ ಒಂದು ಹನಿಯೂ ಬೀಳಬಾರದು. ಇಷ್ಟು ಎಚ್ಚರ ಇಟ್ಟುಕೊಳ್ಳಲಾಗದವರಿಗೆ ಕ್ರೋಮ್ ಇದ್ದಂತೆಯೇ ಇರುವುದು ಮೇಲು. ಹೊಡೆಯಲೇಬೇಕೆನ್ನುವವರು ನೆನಪಿಡಬೇಕಾದದ್ದು ಇಷ್ಟೇ: ಮುಂದೊಂದು ದಿನ ಸುಲಭವಾಗಿ ಸುಲಿಯಬೇಕೆಂಬ ಆಸೆಯಿದ್ದರೆ ಇವತ್ತು ಇನ್ನೂ ಒಂದು ಕೋಟ್ ಹೆಚ್ಚು ಹೊಡೆಯಿರಿ.